ರಟ್ಟಿನ ಕೆಂಚಮ್ಮನೂ ನಡೆದ ಕಾಯಿಯೂ

ಬಹಳ ಹಿಂದೆ, ಕಂಪ್ಯೂಟರಿಗೆ ಇನ್ನೂ ಬಾಯಿ ಇದ್ದ ಕಾಲದಲ್ಲಿ, ಒಂದೂರಿನಲ್ಲಿ ರಟ್ಟಿನ ಕೆಂಚಮ್ಮ ಅಂತ ಒಬ್ಬಳಿದ್ದಳು. ಬಾಯಿ ಅಂದರೆ ಬಾಯಿಯೇ. ಅಂಗೈ ಅಗಲದ ಚಪ್ಪಟೆ ತಟ್ಟೆಯನ್ನು ಅದರೊಳಕ್ಕೆ ತುರುಕಿದರೆ ಕಟಕಟ ಅಂತ ಅಗಿದು, ತಟ್ಟೆಯಲ್ಲಿದ್ದ ಆಟವನ್ನು ಗಾಜಿನ ಮೇಲೆ ತಂದು ನಿಲ್ಲಿಸುತ್ತಿತ್ತು. ಆ ತಟ್ಟೆಗೆ ಫ್ಲಾಪಿ ಅಂತ ಹೆಸರು. ಆಮೇಲೆ ಬಂದ ಯಂತ್ರಗಳಿಗೆ ಬಾಯಿಲ್ಲ. ಹಳೇ ತಟ್ಟೆ ಹಿಡಿದುಕೊಂಡು ಬಂದವರು ಎಲ್ಲಿಗೆ ಉಣಿಸಬೇಕು?

ಕೆಂಚಮ್ಮನ ಹತ್ತಿರ ಬರಬೇಕು. ಹಾಗಂತ ಏಳೂರಿನವರು ಹೇಳುತ್ತಿದ್ದರು.

ಊರು ನೇಕಾರರದು. ಊರಿನ ಹೆಸರು ಬೇಡ, ಅಲ್ಲಿಗೆ ಹೆಣ್ಣು ಕೊಟ್ಟವರು ಇಲ್ಲೂ ಕೂತಿದ್ದಾರೆ. ಕೆಂಚಮ್ಮನ ಕಸುಬು ಮಗ್ಗದ ರಟ್ಟಿಗೆ ತೂತು ಹೊಡೆಯುವುದು. ಸೀರೆಯ ಅಂಚಿನಲ್ಲಿ ಹೂವು ಬರಬೇಕಾದರೆ ಮಗ್ಗದ ತಲೆಯ ಮೇಲೆ ರಟ್ಟಿನ ಸರ ಓಡಬೇಕು. ತೂತು ಇದ್ದ ಕಡೆ ದಾರ ಏಳುತ್ತದೆ, ತೂತು ಇಲ್ಲದ ಕಡೆ ಏಳುವುದಿಲ್ಲ. ಇಷ್ಟೇ ವಿದ್ಯೆ. ನೇಕಾರರ ಸಂಘದ ಕಂಪ್ಯೂಟರನ್ನು ಮೊದಲ ಸಲ ನೋಡಿದಾಗ ಅವಳು, "ಇದರಲ್ಲೂ ಇದೇ ತೂತಿನ ಲೆಕ್ಕ ತಾನೇ, ಇದಕ್ಕೇನು ಇಷ್ಟು ಬಿಂಕ," ಅಂದಳಂತೆ.

ಅವಳು ಇಬ್ಬರು ಗಂಡಂದಿರನ್ನು ಬಿಟ್ಟು ಬಂದವಳು ಅಂತಾರೆ. ಸರಿಯಾಗಿ ನೋಡಿದರೆ ಒಂದೂವರೆ. ಮೊದಲನೆಯವನು ನೇಯ್ದ ಸೀರೆಯಲ್ಲಿ ನಾಲ್ಕು ಜನರ ಮುಂದೆ ತಪ್ಪು ತೋರಿಸಿದಳು, ಅವನು ಬಾಗಿಲು ತೋರಿಸಿದ. ಎರಡನೆಯದರಲ್ಲಿ ಧಾರೆಯೇ ಮುಗಿದಿರಲಿಲ್ಲ, ಮದುಮಗನ ರುಮಾಲಿನ ಜರಿ ಖೋಟಾ ಅಂದುಬಿಟ್ಟಳು. ಒಂಟಿ ಹೆಂಗಸಿನ ಮನೆಗೆ ಗಂಡಸರು ಎಡೆಬಿಡದೆ ಬರುತ್ತಾರೆ ಅಂತ ಊರಿನ ಹೆಂಗಸರು ಕಿಟಕಿಯಲ್ಲಿ ಕೂತು ಎಣಿಸಿದರು. ಬಂದವರ ಕಂಕುಳಲ್ಲೆಲ್ಲ ಫ್ಲಾಪಿ. ಅವರು ಎಣಿಸಿದ್ದೇ ದಂಡವಾಯಿತು.

ಅವಳು ತಟ್ಟೆಯನ್ನು ಮೂಸಿ ನೋಡಿಯೇ ಒಳಗಿರುವುದು ಹಾವಿನ ಆಟವೋ ಓಟದ ಆಟವೋ ಹೇಳುತ್ತಿದ್ದಳಂತೆ. ಬೂಸ್ಟು ಹಿಡಿದ ತಟ್ಟೆಯನ್ನು ರೇಷ್ಮೆ ಸೀರೆಯ ಹಾಗೆ ಅಂಟುವಾಳದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಬದುಕಿಸುತ್ತಿದ್ದಳಂತೆ. ಸತ್ತ ಯಂತ್ರದ ಬಾಯಿ ಕಿತ್ತು, ಅದಕ್ಕೊಂದು ತಂತಿ ಕಟ್ಟಿ, ಹೊಸ ಯಂತ್ರಕ್ಕೆ ಜೋಡಿಸುತ್ತಿದ್ದಳು. ಇಷ್ಟು ಮಾಡಿದರೂ ಹಳೇ ಆಟ ಹೊಸ ಯಂತ್ರದಲ್ಲಿ ನಿಲ್ಲುತ್ತಿರಲಿಲ್ಲ. ಆಗ ಅವಳು ಹೊಸ ಯಂತ್ರದೊಳಗೆ ಬರೀ ಬರಹದಿಂದಲೇ ಒಂದು ಹಳೇ ಯಂತ್ರ ಕಟ್ಟುತ್ತಿದ್ದಳು, ಮಗ್ಗದೊಳಗೊಂದು ಮಗ್ಗ. ಆಟ ಕಣ್ಣು ಬಿಟ್ಟು ನೋಡಿ, ನಾನಿನ್ನೂ ತವರಿನಲ್ಲೇ ಇದ್ದೇನೆ ಅಂದುಕೊಂಡು ಆಡುತ್ತಿತ್ತು. ಹಾಗಂತಾರೆ.

ಆದರೆ ಅವಳ ಹೆಸರು ಉಳಿದದ್ದು ಇದರಿಂದಲ್ಲ. ತಾನೇ ನಡೆದ ಒಂದು ಕಾಯಿಯಿಂದ.

ಆ ಊರಿನಲ್ಲಿ ವರ್ಷಕ್ಕೊಂದು ಸಲ ಊರಮ್ಮನಿಗೆ ಹೊಸ ಸೀರೆ ಉಡಿಸುತ್ತಾರೆ. ಯಾವ ಮನೆಯಲ್ಲಿ ನೇಯ್ದ ಸೀರೆ ಅಮ್ಮನ ಮೈಮೇಲೆ ಬರುತ್ತದೋ ಆ ಮನೆಗೆ ಮರ್ಯಾದೆ. ಒಂದು ವರ್ಷ ಎರಡು ಮನೆಗಳು ಹಟಕ್ಕೆ ಬಿದ್ದವು. ಒಂದು ಸಾಕಮ್ಮನದು. ಬಡಮನೆ, ಆದರೆ ರಟ್ಟಿಲ್ಲದೆ ಕೈಯಲ್ಲೇ ದಾರ ಎತ್ತಿ ಹೂವು ತರುವಂಥ ಕೈ. ಇನ್ನೊಂದು ತುಳಸಕ್ಕನದು. ನಾಲ್ಕು ಮಗ್ಗ, ನಲವತ್ತು ನೆಂಟರು, ನಾಲಗೆ ಮಾತ್ರ ಎಲ್ಲರಿಗೂ ಸೇರಿ ಅವಳೊಬ್ಬಳದೇ.

ಊರ ಯಜಮಾನರು ತಲೆ ಕೆರೆದುಕೊಂಡು, ಇಬ್ಬರೂ ಚೌಕಾಬಾರ ಆಡಲಿ, ಗೆದ್ದವರ ಸೀರೆ ಅಮ್ಮನಿಗೆ ಅಂದರು. ಕವಡೆಯಲ್ಲಿ ಕೈಚಳಕ ನಡೆದೀತು, ಅದಕ್ಕೆ ಸಂಘದ ಕಂಪ್ಯೂಟರಿನಲ್ಲೇ ಆಡಲಿ ಅಂದರು. ಸಂಘದವರಿಗೆ ಯಂತ್ರ ಕಲಿಸಲು ಬಂದಿದ್ದ ಒಬ್ಬ ಮೇಷ್ಟ್ರು, ಊರಿನವರು ಹಾಕಿದ ಊಟದ ಋಣಕ್ಕೆ ಒಂದು ಚೌಕಾಬಾರದ ಆಟ ಬರೆದುಕೊಟ್ಟು ಹೋಗಿದ್ದ. ಶುರುವಿನಲ್ಲಿ ಅದು ಊರಿನ ಹೆಂಗಸರ ಶೋಭಾನೆಯ ರಾಗವನ್ನೇ ಕುಯ್ಯೋ ಅಂತ ನುಡಿಸುತ್ತಿತ್ತು. ಯಂತ್ರದ ಕವಡೆಗೆ ಮೋಸ ಗೊತ್ತಿಲ್ಲ ಅಂತ ಎಲ್ಲರೂ ಒಪ್ಪಿದರು.

ಮಟಮಟ ಮಧ್ಯಾಹ್ನ ಆಟ. ಒಳಗೆ ಇಬ್ಬರು ಹೆಂಗಸರು, ಒಬ್ಬ ಗುಮಾಸ್ತ. ಊರಿಗೂರೇ ಹೊರಗೆ ಜಗಲಿಯ ಮೇಲೆ. ಗುಮಾಸ್ತ ಉಂಡು ಬಂದವನು ಕುರ್ಚಿಯಲ್ಲೇ ಗೊರಕೆ ಹೊಡೆದ. ತುಳಸಕ್ಕನ ಮೂರು ಕೆಂಪು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ಯಾರೂ ಕಡಿಯಲಾಗದ ಕಟ್ಟೆ ಮನೆಯಲ್ಲಿ ಭದ್ರವಾಗಿ ಕೂತಿತ್ತು. ಅವಳದೇ ಸರದಿ. ಆಗ ಅವಳು ನೀರು ಕುಡಿದು ಬರುತ್ತೇನೆ ಅಂತ ಎದ್ದು ಹಿತ್ತಲ ಬಾಗಿಲಿಂದ ಹೋದಳು. ಬಂದು ನೋಡಿದರೆ ಅವಳ ಕಾಯಿ ಕಟ್ಟೆ ಬಿಟ್ಟು ಇಳಿದಿದೆ, ಸಾಕಮ್ಮನ ಕಾಯಿ ಅದನ್ನು ಕಡಿದಿದೆ.

"ಅಯ್ಯೋ ಕಳ್ಳೀ! ನನ್ನ ಆಟ ನೀನಾಡಿದೆಯಾ?"

"ನಾನು ಮುಟ್ಟಲಿಲ್ಲ ಕಣೆ ತುಳಸಿ. ನಿನ್ನ ಕಾಯಿ ತಾನೇ ನಡೀತು. ಆಮೇಲೆ ನನ್ನ ಸರದಿ ಬಂತು, ಕಡಿದೆ."

"ತಾನೇ ನಡೀತಾ? ಕೇಳ್ರಪ್ಪೋ! ಕಾಯಿಗೇನು ಕಾಲಿದೆಯೇನೇ?"

ಊರು ಘೊಳ್ಳೆಂದು ನಕ್ಕಿತು. ಆ ನಗುವಿನಲ್ಲೇ ತೀರ್ಪಾಗಿಹೋಯಿತು. ಎಚ್ಚೆತ್ತ ಗುಮಾಸ್ತ ಆಟವನ್ನು ಇದ್ದ ಹಾಗೇ ತಟ್ಟೆಯೊಳಗೆ ನಿಲ್ಲಿಸಿ ಹೊರಗೆ ತೆಗೆದ. ಯಜಮಾನರು ಅದನ್ನು ಅಮ್ಮನ ಸೀರೆಪೆಟ್ಟಿಗೆಯಲ್ಲಿಟ್ಟರು. ಅಮ್ಮ ತುಳಸಕ್ಕನ ಸೀರೆ ಉಟ್ಟಳು.

ಸಾಕಮ್ಮ ಮಗ್ಗದ ಮೇಲಿದ್ದ ಅರೆ ಸೀರೆಯನ್ನು ಕತ್ತರಿಸಿ ಟ್ರಂಕಿಗೆ ಹಾಕಿದಳು. ಅವತ್ತಿನಿಂದ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವವರಿಲ್ಲ. ಬೀದಿಗೆ ಬಂದರೆ, "ಕಾಯಿ ಬಂತು, ನಡ್ಕೊಂಡು ಬಂತು," ಅಂತ ಛೇಡಿಸುವರು. ಹನ್ನೆರಡು ವರ್ಷ. ಮನುಷ್ಯರ ಹೆಸರು ಹೋಗಿ ಮನೆಗೇ ಕಳ್ಳಿಮನೆ ಅಂತ ಹೆಸರಾಯಿತು. ನಗುವವರಿಗೇನು, ನಗುತ್ತಿದ್ದರು.

ಹನ್ನೆರಡು ವರ್ಷ ಆದಮೇಲೆ ಸಾಕಮ್ಮ ಒಂದು ಬೆಳಗ್ಗೆ ಕೆಂಚಮ್ಮನ ಬಾಗಿಲಲ್ಲಿ ನಿಂತಳು.

"ಕೆಂಚಕ್ಕ, ಕಣ್ಣು ಮಂಜಾಗ್ತಿದೆ. ಪೂರ್ತಿ ಹೋಗೋ ಮುಂಚೆ ಆ ಕಾಯಿ ನಡೆಯೋದನ್ನ ಇನ್ನೊಂದು ಸಲ ನೋಡಬೇಕು. ನನಗೇ ಅನುಮಾನ ಬಂದುಬಿಟ್ಟಿದೆ, ನಾನೇ ಒತ್ತಿದೆನೋ ಏನೋ ಅಂತ."

ಕೆಂಚಮ್ಮ ಯಾರಿಗೂ ಅಯ್ಯೋ ಅನ್ನುವವಳಲ್ಲ. ಆದರೆ ಈ ಕೊನೆಯ ಮಾತು ಅವಳಿಗೆ ಚುಚ್ಚಿತಂತೆ. ಊರು ಕಳ್ಳಿ ಅಂದರೆ ತಡೆಯಬಹುದು, ತನಗೆ ತಾನೇ ಅಂದುಕೊಂಡರೆ?

ಯಜಮಾನರನ್ನು ಕಾಡಿ ಬೇಡಿ ತಟ್ಟೆ ಈಸಿಕೊಂಡಳು. ಸಂಘದ ಹಳೇ ಯಂತ್ರ ಯಾವತ್ತೋ ಗುಜರಿ ಸೇರಿತ್ತು. ತೊಳೆದಳು, ಒಣಗಿಸಿದಳು, ಮೂಲವನ್ನು ಕೆಡಿಸದೆ ನಕಲು ತೆಗೆದು, ನಕಲನ್ನು ಹೊಸ ಯಂತ್ರದಲ್ಲಿ ತೆರೆದಳು. ಶೋಭಾನೆಯ ರಾಗ ಜೀರುಂಡೆಯ ಹಾಗೆ ಕೀಚ್ ಅಂತ ಒಂದೇ ಉಸಿರಿಗೆ ಮುಗಿಯಿತು. ಕವಡೆಗಳು ದಡದಡ ಉದುರಿದವು, ಕಾಯಿಗಳು ಅಟ್ಟಿಸಿಕೊಂಡು ಓಡಿದವು, ಕಣ್ಣು ಮಿಟುಕಿಸುವಷ್ಟರಲ್ಲಿ ಆಟವೇ ಮುಗಿದುಹೋಯಿತು. ನೋಡುತ್ತಿದ್ದ ಯಜಮಾನರು, ಅಮ್ಮ ಮೈಮೇಲೆ ಬಂದಳು ಅಂತ ಕೈ ಮುಗಿದರು.

ಕೆಂಚಮ್ಮ ಮಾತ್ರ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಎರಡೂ ಮಡಿಲಲ್ಲಿದ್ದವು. ಯಾರೂ ಏನೂ ಒತ್ತಿರಲಿಲ್ಲ. ಹಾಗಾದರೆ ಆಡಿದ್ದು ಯಾರು?

ಮೂರು ದಿನ ಅವಳು ಆ ಆಟದ ಒಳಹೆಣಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿದಳಂತೆ. ಸಿಕ್ಕಿತು. ಆ ಊರಿನ ಹೆಂಗಸರು ಆಟದ ನಡುವೆ ಒಲೆ, ಮಗು, ಮಗ್ಗ ಅಂತ ಎದ್ದು ಹೋಗುವುದನ್ನು ಮೇಷ್ಟ್ರು ನೋಡಿದ್ದ. ಅದಕ್ಕೆ ಸರದಿ ಬಂದವರು ಬಹಳ ಹೊತ್ತು ಆಡದಿದ್ದರೆ ಯಂತ್ರವೇ ಒಂದರಿಂದ ಇಷ್ಟರವರೆಗೆ ಅಂತ ಎಣಿಸಿ, ಅವರ ಪರವಾಗಿ ಆಡಲಿ ಅಂತ ಬರೆದಿದ್ದ. ಯಾರಿಗೂ ಹೇಳದೆ ಹೋಗಿದ್ದ. ಹಳೇ ಯಂತ್ರ ಮುದುಕರ ಹಾಗೆ ಎಣಿಸುತ್ತಿತ್ತು. ಹೊಸದಕ್ಕೆ ಅಷ್ಟು ಎಣಿಸಲು ಒಂದು ಚಿಟಿಕೆ ಸಾಕು, ಅದಕ್ಕೇ ಕಾಯಿಗಳು ಹುಚ್ಚೆದ್ದು ಓಡಿದ್ದು.

ಸಾಕಮ್ಮನ ಮೇಲಿನ ಕಳಂಕ ಅಲ್ಲಿಗೇ ತೊಳೆದುಹೋಯಿತು. ಕೆಂಚಮ್ಮನ ಜಾಗದಲ್ಲಿ ಬೇರೆ ಯಾರಾದರೂ ಇದ್ದರೆ ಅಷ್ಟಕ್ಕೇ ಎದ್ದು ಬರುತ್ತಿದ್ದರು. ಅವಳಿಗೆ ಇನ್ನೊಂದು ಬೇಕಾಗಿತ್ತು. ಹಳೇ ಯಂತ್ರ ಎಷ್ಟು ಹೊತ್ತು ಎಣಿಸುತ್ತಿತ್ತು? ಅಷ್ಟು ಹೊತ್ತು ತುಳಸಕ್ಕ ಎಲ್ಲಿದ್ದಳು?

ಹಳೇ ವೇಗ ಗೊತ್ತಾಗುವುದು ಹೇಗೆ? ಊರಿನ ಐದು ಜನ ಮುದುಕಿಯರನ್ನು ಕರೆಸಿ ಶೋಭಾನೆ ಹಾಡಿಸಿದಳು. ಅವರು ಹಾಡುತ್ತಾ ಹೋದರು, ಇವಳು ಯಂತ್ರದೊಳಗಿನ ಯಂತ್ರವನ್ನು ನಿಧಾನ ಮಾಡುತ್ತಾ ಹೋದಳು. ಜೀರುಂಡೆ ಗುಬ್ಬಿಯಾಯಿತು, ಗುಬ್ಬಿ ಕೋಗಿಲೆಯಾಯಿತು, ಕಡೆಗೆ ಯಂತ್ರದ ರಾಗವೂ ಮುದುಕಿಯರ ರಾಗವೂ ಒಂದೇ ಹೆಜ್ಜೆಗೆ ಬಂದವು. ಒಬ್ಬ ಮುದುಕಿ ಮಾತ್ರ ಬೇಕೆಂದೇ ಎಳೆದು ಹಾಡಿದಳಂತೆ. ಅವಳು ತುಳಸಕ್ಕನ ಚಿಕ್ಕಮ್ಮ. ಅವಳನ್ನು ಹೊರಗೆ ಕೂರಿಸಿದರು.

ಆಮೇಲೆ ಗುಡಿಯ ಮುಂದೆ, ಬೆಳಕಿನಲ್ಲಿ, ಊರೆಲ್ಲ ಸೇರಿದಾಗ ಯಂತ್ರ ಇಟ್ಟಳು. ಹನ್ನೆರಡು ವರ್ಷದ ಹಿಂದೆ ನಿಂತ ಆಟ ಗಾಜಿನ ಮೇಲೆ ಬಂತು. ಮತ್ತೆ ತುಳಸಕ್ಕನದೇ ಸರದಿ. ಎದುರಿಗೆ ಒಂದು ಕೊಡ ನೀರು, ಒಂದು ಲೋಟ.

"ಅವತ್ತು ನೀರು ಕುಡಿಯೋಕೆ ಹೋಗಿದ್ದೆ ಅಂದೆಯಲ್ಲ ತುಳಸಕ್ಕ. ಈಗ ಕುಡಿ. ಯಾರೂ ಯಂತ್ರ ಮುಟ್ಟಬೇಡಿ."

ತುಳಸಕ್ಕ ಒಂದು ಲೋಟ ಕುಡಿದಳು. ಕೆಂಪು ಕಾಯಿ ಕದಲಲಿಲ್ಲ.

"ಇಷ್ಟೇನಾ? ಇನ್ನೂ ಬಾಯಾರಿತ್ತೇನೋ, ನೆನಪು ಮಾಡ್ಕೋ."

ಎರಡನೆಯದನ್ನೂ ಕುಡಿದಳು. ಮೂರನೆಯದು ಕುಡಿಯುವಾಗ ಕಣ್ಣು ಮೇಲಾಯಿತು. ನಾಲ್ಕನೆಯದು ಗಂಟಲಲ್ಲಿ ಇಳಿಯಲಿಲ್ಲ. ಕಾಯಿ ಇದ್ದಲ್ಲೇ ಇತ್ತು. ಯಜಮಾನರು ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಅಗಿದು, ಉಗಿದು ಬಂದರು. ಆಗ, ಯಾರೂ ಮುಟ್ಟದೆ, ಕವಡೆ ತಾನೇ ಉರುಳಿತು. ಕೆಂಪು ಕಾಯಿ ತಾನೇ ಎರಡು ಮನೆ ನಡೆಯಿತು.

ಸಾಕಮ್ಮ ಗಾಜಿಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದಳು. "ನಡೀತು," ಅಂದಳು. "ನೋಡಿದ್ರಾ, ನಡೀತು."

ಅವತ್ತು ತುಳಸಕ್ಕ ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಳು ಹಾಗಾದರೆ? ಜನ ಮೊದಲು ತಿರುಗಿ ನೋಡಿದ್ದು ಗುಮಾಸ್ತನ ಕಡೆ. ಅವನ ಹೆಂಡತಿಯೂ ನೋಡಿದಳು. ಪಾಪ, ಅವನು ಗೊರಕೆ ಹೊಡೆದದ್ದಕ್ಕೆ ಜಗಲಿಯ ತುಂಬ ಸಾಕ್ಷಿಗಳಿದ್ದರು.

ಕೆಂಚಮ್ಮ ಸೆರಗಿನೊಳಗಿಂದ, ತಾನು ನಕಲಿಗೆ ಅಂತ ಇಟ್ಟುಕೊಂಡಿದ್ದ ಒಂದು ಹಳೇ ರಟ್ಟಿನ ಸರ ತೆಗೆದಳು. ಆ ಆಟ ನಿಂತ ಮಾರನೇ ದಿನವೇ ತುಳಸಕ್ಕ ಬಂದು ಅಮ್ಮನ ಸೀರೆಗೆ ಅಂತ ಹೊಡೆಸಿದ ಅಂಚು ಅದು. ಹುಣಸೆ ಹೂವಿನ ಸಾಲು, ಪ್ರತಿ ಏಳನೇ ಹೂವು ತಲೆಕೆಳಗು. ಯಾಕೆ ಹೀಗೆ ಅಂತ ಕೆಂಚಮ್ಮ ಅವತ್ತೇ ಕೇಳಿದ್ದಳು. ಕನಸಲ್ಲಿ ಬಂತು ಅಂದಿದ್ದಳು ತುಳಸಕ್ಕ. ಇಬ್ಬರು ಗಂಡಂದಿರ ತಪ್ಪು ಹುಡುಕಿದ ಕೆಂಚಮ್ಮ ಈ ಒಂದು ಮಾತನ್ನು ನಂಬಿ ತೂತು ಹೊಡೆದುಕೊಟ್ಟಿದ್ದಳು. ಅದೇ ಅವಳಿಗೆ ಉರಿಯುತ್ತಿದ್ದದ್ದು.

ಸಾಕಮ್ಮ ಮನೆಗೆ ಹೋಗಿ, ಟ್ರಂಕಿನಿಂದ ಆ ಅರೆ ಸೀರೆ ತಂದು ಹಾಸಿದಳು. ಹುಣಸೆ ಹೂವಿನ ಸಾಲು, ಪ್ರತಿ ಏಳನೇ ಹೂವು ತಲೆಕೆಳಗು. ಅವಳಿಗೆ ಏಳರ ಮೇಲೆ ಲೆಕ್ಕ ತಪ್ಪುತ್ತಿತ್ತು, ಗುರುತಿಗೆ ಅಂತ ಹಾಗೆ ತಿರುಗಿಸುತ್ತಿದ್ದಳು. ಆ ಕನಸು ಬೇರೆ ಯಾರಿಗೂ ಬೀಳುವಂಥದ್ದಲ್ಲ. ಆಟದ ದಿನ ಸಾಕಮ್ಮನ ಮನೆಯವರೆಲ್ಲ ಜಗಲಿಯ ಮೇಲಿದ್ದರು, ಮಗ್ಗದ ಕೋಣೆ ತೆರೆದೇ ಇತ್ತು.

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?" ಅಂತ ಯಜಮಾನರು ಕೇಳಿದರು.

"ಕಳ್ಳಿ ಇನ್ನೊಬ್ಬಳನ್ನ ಕಳ್ಳಿ ಅಂದರೆ ನೀವು ಕೇಳ್ತಿದ್ರಾ ಸ್ವಾಮಿ?"

ಆ ಊರಿನಲ್ಲಿ ಗಂಡನನ್ನು ಬಿಟ್ಟವಳನ್ನು ಕ್ಷಮಿಸುತ್ತಾರೆ, ಅಂಚು ಕದ್ದವಳನ್ನು ಕ್ಷಮಿಸುವುದಿಲ್ಲ. ತುಳಸಕ್ಕ ಎದ್ದು ಹೋದವಳು ಆಟಕ್ಕೆ ಮತ್ತೆ ಕೂರಲೇ ಇಲ್ಲ. ಅವಳ ಪಾಲಿನ ಕೆಂಪು ಕಾಯಿಯನ್ನು ಯಂತ್ರವೇ ಆಡಿತು. ಎಣಿಸಿ ಎಣಿಸಿ ಆಡುತ್ತಾ ಸಂಜೆಯಾಯಿತು. ಕಡೆಗೆ ಸಾಕಮ್ಮ ಸೋತಳು ಅಂತಲೂ ಹೇಳುತ್ತಾರೆ. ಅದನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ. ಆ ವರ್ಷ ಅವಳು ಅರೆ ಸೀರೆಯ ಉಳಿದರ್ಧವನ್ನು ಬೆರಳಲ್ಲೇ ತಡಕಿ ನೇಯ್ದಳು. ಆ ಅರ್ಧದಲ್ಲಿ ತಲೆಕೆಳಗಾದ ಹೂವು ಒಮ್ಮೆ ಆರಕ್ಕೆ ಬಂದಿದೆ, ಒಮ್ಮೆ ಒಂಬತ್ತಕ್ಕೆ ಬಂದಿದೆ. ಕೆಂಚಮ್ಮ ನೋಡಿದಳು, ನೋಡಿಯೂ ತಪ್ಪು ತೋರಿಸಲಿಲ್ಲ. ಅವಳ ಜನ್ಮದಲ್ಲಿ ಅದೊಂದೇ ಸಲವಂತೆ. ಅಮ್ಮ ಅದನ್ನೇ ಉಟ್ಟಳು.

ಕೆಂಚಮ್ಮ ಹೋಗಿ ಎಷ್ಟೋ ಕಾಲವಾಯಿತು. ಅವಳು ಕಟ್ಟಿದ ಮಗ್ಗದೊಳಗಿನ ಮಗ್ಗವನ್ನು ಈಗಲೂ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುತ್ತಾ ಬಂದಿದ್ದಾರೆ. ದಾಟಿಸುವಾಗೆಲ್ಲ ಐದು ಜನ ಹೆಂಗಸರು ಕೂತು ಶೋಭಾನೆ ಹಾಡಿ ವೇಗ ಹಿಡಿಸಬೇಕು. ಮತ್ತೆ, ಆ ಊರಿನಲ್ಲಿ ಯಾರಾದರೂ ಇನ್ನೊಬ್ಬರನ್ನು ಕಳ್ಳ ಅನ್ನಬೇಕಾದರೆ ಮೊದಲು ಗುಡಿಯ ಮುಂದೆ ನಿಂತು ನಾಲ್ಕು ಲೋಟ ನೀರು ಕುಡಿಯಬೇಕು. ಕೆಂಚಮ್ಮನ ನೀರು ಅಂತ ಅದಕ್ಕೆ ಹೆಸರು. ಮೂರನೇ ಲೋಟಕ್ಕೆ ಮುಕ್ಕಾಲು ಪಾಲು ಜನ ದೂರು ಬಿಟ್ಟು ಮನೆಗೆ ಹೋಗುತ್ತಾರೆ.

ತುಳಸಕ್ಕನ ವಂಶದವರು ಮಾತ್ರ ನೀರಿನ ಬದಲು ಮಜ್ಜಿಗೆ ಕೇಳುತ್ತಾರಂತೆ.