ಮಾತಾ ನಿಹಾಲೋ ಮುಸುಕು ಸರಿಸಿದ್ದು

ಬಿಯಾಸ್ ನದಿಯ ದಡದ ಒಂದು ಪುಟ್ಟ ಊರಿನಲ್ಲಿ, ಸಿಖ್ಖರ ಗುರುಮನೆಯ ಲಂಗರಿನ ಒಲೆಗಳ ಮುಂದೆಯೇ ಪೂಜ್ಯ ಮಾತಾ ನಿಹಾಲೋ ಅವರ ಬಾಳು ಸವೆಯಿತು. ಬಂದವರು ಯಾರೇ ಆಗಲಿ, ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಅಡುಗೆಮನೆಯೇ ಈ ಲಂಗರು. ಮಾತಾಜಿಯವರಿಗೆ ಪ್ರವಚನ ಮಾಡಿ ಗೊತ್ತಿರಲಿಲ್ಲ. ಹಿಟ್ಟು ನಾದುತ್ತ ಗುರುವಾಣಿಯನ್ನು ಮೆಲ್ಲಗೆ ಗುನುಗುತ್ತಿದ್ದರು. ನೊಂದವರು ಅಲ್ಲೇ ಅವರ ಪಕ್ಕದಲ್ಲಿ ಕೂತು ದುಃಖ ತೋಡಿಕೊಳ್ಳುತ್ತಿದ್ದರು.

ಒಂದು ಚೈತ್ರದ ಬೆಳಿಗ್ಗೆ ಬಿಶನ್ ದೇಈ ಎಂಬ ಶ್ರೀಮಂತ ಮನೆತನದ ಗೃಹಿಣಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಹದಿನೇಳರ ಹುಡುಗಿ ಲಾಜೋ ಎದೆಯವರೆಗೂ ಮುಸುಕು ಎಳೆದುಕೊಂಡಿದ್ದಳು. ಎರಡು ವರ್ಷದ ಹಿಂದೆ ಅವಳಿಗೆ ಸಿಡುಬು ಬಂದಿತ್ತು. ಜೀವ ಉಳಿಯಿತು; ಮುಖದ ತುಂಬ ಕಲೆ ಉಳಿದವು. ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅಂದಿನಿಂದ ತಾಯಿ ಮಗಳನ್ನು ಒಳಕೋಣೆಯಿಂದ ಹೊರಗೆ ಬಿಟ್ಟಿರಲಿಲ್ಲ. ಮಗಳೂ ಮಾತು ಬಿಟ್ಟಿದ್ದಳು.

"ನನಗೇನೂ ನಂಬಿಕೆಯಿಲ್ಲ ಮಾತಾಜಿ," ಎಂದಳು ಬಿಶನ್ ದೇಈ ನೇರವಾಗಿ. "ವೈದ್ಯರೆಲ್ಲ ಮುಗಿದರು, ಇಲ್ಲಿಗೆ ಬಂದೆ. ಈ ಕಲೆ ಹೋಗುವಂತೆ ಏನಾದರೂ ಮಂತ್ರಿಸಿ ಕೊಡಿ."

ಮಾತಾಜಿಯವರು ಹಿಟ್ಟಿನ ಕೈ ಒರೆಸಿಕೊಂಡು ಹುಡುಗಿಯ ಹತ್ತಿರ ಬಂದರು. "ನೋಡಲೇನಮ್ಮಾ?" ಎಂದು ಅವಳನ್ನೇ ಕೇಳಿದರು.

"ಬೇಡ, ನೋಡಲಾಗದು!" ಎಂದು ತಾಯಿ ಗಾಬರಿಯಿಂದ ತಡೆದಳು. ಆದರೆ ಲಾಜೋ ತಲೆಯಾಡಿಸಿ ಒಪ್ಪಿದ್ದಳು.

ಮಾತಾಜಿಯವರು ಮುಸುಕು ಸರಿಸಿದರು. ಬಹಳ ದಿನದ ಮೇಲೆ ತವರಿಗೆ ಬಂದ ಮಗಳನ್ನು ನೋಡುವ ಹಾಗೆ ಆ ಮುಖವನ್ನು ಕಣ್ತುಂಬ ನೋಡಿದರು. ಎರಡೂ ಕೆನ್ನೆ ಸವರಿದರು. ಆಮೇಲೆ ತಾಯಿಯ ಕಡೆ ತಿರುಗಿ, "ಈ ಮಗು ಸಾವಿನ ಬಾಯಿಂದ ನಿನ್ನ ಹತ್ತಿರ ವಾಪಸು ಬಂದಿದೆಯಲ್ಲಮ್ಮಾ. ಒಂದು ದಿನವಾದರೂ ಸಂತೋಷಪಟ್ಟೆಯಾ?" ಎಂದು ಕೇಳಿದರು.

ಬಿಶನ್ ದೇಈ ಮಗಳ ಮುಖ ನೋಡಿದಳು. ಜ್ವರದ ಆ ಹದಿನೆಂಟು ದಿನ 'ಬದುಕಿದರೆ ಸಾಕು' ಎಂದು ತಾನೇ ಗೋಗರೆದದ್ದು ಅವಳಿಗೆ ನೆನಪಾಯಿತು.

ಆಗ ಲಾಜೋಳ ದನಿ ಕೇಳಿಸಿತು, ಎರಡು ವರ್ಷದ ಮೇಲೆ. "ನಾನು ಉಳಿದದ್ದು ನಿನಗೆ ಬೇಡವಾಗಿತ್ತು ಅಂದುಕೊಂಡಿದ್ದೆ, ಅಮ್ಮಾ."

ತಾಯಿ ಅಲ್ಲೇ ಕುಸಿದು ಕೂತು ಮಗಳ ಮುಖವನ್ನು ಎದೆಗೊತ್ತಿಕೊಂಡಳು. ಎಷ್ಟು ಹೊತ್ತು ಅತ್ತಳೋ! ಇಬ್ಬರ ಅಳು ನಿಂತಾಗ ಮಾತಾಜಿಯವರು ಬಿಸಿ ರೊಟ್ಟಿ, ಬೇಳೆ ತಂದು ಮುಂದಿಟ್ಟರು. ಪರರ ಪಂಕ್ತಿಯಲ್ಲಿ ಎಂದೂ ಕೂರದಿದ್ದ ಬಿಶನ್ ದೇಈ ಅಂದು ನೇಕಾರರ, ಅಂಬಿಗರ ನಡುವೆ ಕೂತು ಮಗಳಿಗೆ ತುತ್ತು ಮಾಡಿ ತಿನ್ನಿಸಿದಳು. ಲಾಜೋ ತೆರೆದ ಮುಖದಲ್ಲೇ ಉಂಡಳು.

ಊರಿಗೆ ಮರಳಿದ ಮೂರನೆಯ ದಿನ ಬಿಶನ್ ದೇಈ ತುಪ್ಪದ ಹಲ್ವ ಮಾಡಿಸಿ, ಲಾಜೋಳ ಕೈ ಹಿಡಿದುಕೊಂಡು ಮನೆಮನೆಗೂ ಹಂಚಿದಳು.

"ಏನು ವಿಶೇಷ? ಮದುವೆ ಗೊತ್ತಾಯಿತೇ?" ಎಂದು ಜನ ಕೇಳಿದರು.

"ಇಲ್ಲ," ಎಂದಳು ಬಿಶನ್ ದೇಈ. "ನನ್ನ ಮಗಳು ಬದುಕಿದ್ದಾಳೆ."