ತೊಳೆದ ಸ್ಪಂಜು

ಗುರುಪಾದಪ್ಪ ಮಠಕ್ಕೆ ಬಂದು ಗುರುಗಳ ಮುಂದೆ ಕುಳಿತು ಕೇಳಿದ: "ಬುದ್ಧೀ, ಮನೆಯ ಯಜಮಾನನಾಗಿ ನಾನು ಯಾರ ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ. ತಮ್ಮನ ಇಸ್ಪೀಟಿನ ಚಟಕ್ಕೂ ಕಡಿವಾಣ ಹಾಕಿದೆ, ಸೊಸೆಯ ಎದುರುತ್ತರಕ್ಕೂ ಕಡಿವಾಣ ಹಾಕಿದೆ. ಈಗ ನನ್ನ ಮನೆಯಲ್ಲಿ ಒಂದು ಕೆಟ್ಟ ಮಾತೂ ಕಿವಿಗೆ ಬೀಳುವುದಿಲ್ಲ. ಆದರೂ ನನಗೆ ಅನ್ನ ರುಚಿಸುತ್ತಿಲ್ಲ. ಯಾಕೆ?"

ಗುರುಗಳು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಹಿತ್ತಾಳೆ ಬಿಂದಿಗೆಯಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಹೊಳೆಯುವುದೆಲ್ಲ ಶುದ್ಧ, ಹೊಳೆಯದಿದ್ದದ್ದೆಲ್ಲ ಕೊಳೆ. ಅವನ ಶಾಸ್ತ್ರ ಅಷ್ಟೇ.

ಅವನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು, ಯಾರು ಕರೆದರೂ ತಿರುಗಲಿಲ್ಲ. ನೋಡುವುದಕ್ಕೆ ಏನಾದರೂ ಜೀವಂತವಾದದ್ದು ಇಡಿ ಎಂದು ವೈದ್ಯರು ಹೇಳಿದರು. ವ್ಯಾಪಾರಿ ಒಂದು ಗಾಜಿನ ತೊಟ್ಟಿಯನ್ನೂ ಆರು ಕೆಂಪು ಮೀನುಗಳನ್ನೂ ತಂದು ಅವಳ ಹಾಸಿಗೆಯ ಪಕ್ಕದಲ್ಲಿ ಇಟ್ಟ. ಎರಡು ವಾರ ಕಳೆಯಿತು. ಒಂದು ದಿನ ಅವಳು ಈ ಕಡೆಗೆ ತಿರುಗಿದಳು. ಇನ್ನೊಂದು ದಿನ, "ಅದಕ್ಕೆ ಹಸಿವು" ಎಂದಳು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ವ್ಯಾಪಾರಿ ಹಿತ್ತಲಿಗೆ ಹೋಗಿ ಅತ್ತ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು.

ತೊಟ್ಟಿಯ ಮೂಲೆಯಲ್ಲಿ ನೀರು ಸೋಸುವ ಯಂತ್ರವಿತ್ತು, ಅದರೊಳಗೆ ಒಂದು ಸ್ಪಂಜು. ಮೀನು ಮಾರಿದವನು ಮೊದಲೇ ಎಚ್ಚರಿಸಿದ್ದ: "ಯಜಮಾನ್ರೇ, ಸ್ಪಂಜಿನ ಮೇಲೆ ಕಂದು ಲೋಳೆ ಕಟ್ಟುತ್ತೆ. ಅದು ಕೊಳೆ ಅಲ್ಲ. ಮೀನಿನ ಹೊಲಸು ನೀರಲ್ಲಿ ವಿಷ ಆಗುತ್ತೆ, ಆ ವಿಷ ತಿನ್ನೋ ಜೀವಗಳು ಆ ಲೋಳೇಲಿರ್ತವೆ, ಕಣ್ಣಿಗೆ ಕಾಣಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಹಾಗೆ ತೆಗೆದ ಹಳೇ ನೀರಲ್ಲೇ ಸ್ಪಂಜನ್ನ ಒಂದೆರಡು ಸಲ ಹಿಂಡಿ. ನಲ್ಲಿಗೆ ಮಾತ್ರ ಹಿಡೀಬೇಡಿ."

"ಕೊಳೆ ನೀರಲ್ಲಿ ಕೊಳೆ ತೊಳೆಯೋದೇ? ನಾನು ಇಪ್ಪತ್ತು ವರ್ಷ ಪಾತ್ರೆ ಮಾರಿದವನು ಕಣಯ್ಯಾ" ಎಂದು ವ್ಯಾಪಾರಿ ನಕ್ಕ. ನಕ್ಕರೂ ಕೆಲವು ತಿಂಗಳು ಹೇಳಿದಂತೆ ಮಾಡಿದ.

ಗೌರಿ ಹಬ್ಬ ಬಂತು. ಮನೆಗೆ ಸುಣ್ಣ ಬಳಿದರು, ಹಾಸಿಗೆ ಹೊದಿಕೆ ಒಗೆದರು, ಅಟ್ಟದ ಜೇಡರ ಬಲೆ ತೆಗೆದರು. ಬೀಗರು ಬರುವವರಿದ್ದರು. ಎಲ್ಲ ಮುಗಿದ ಮೇಲೆ ವ್ಯಾಪಾರಿಯ ಕಣ್ಣು ಆ ಸ್ಪಂಜಿನ ಮೇಲೆ ಬಿತ್ತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ಕಲ್ಲು, ಗಾಜು ಎಲ್ಲವನ್ನೂ ತಿಕ್ಕಿದ. ಸ್ಪಂಜನ್ನು ಬಿಸಿನೀರಿನಲ್ಲಿ ಅದ್ದಿ, ಒಗೆಯುವ ಕಲ್ಲಿನ ಮೇಲೆ ಕುಕ್ಕಿ, ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ಹಿಂಡಿದ. ತೊಟ್ಟಿಗೆ ಪೂರ್ತಿ ಹೊಸ ನೀರು ತುಂಬಿದ. ಬೀಗರು ನೋಡಿ, "ಗಾಜು ಇದೆಯೋ ಇಲ್ಲವೋ ಗೊತ್ತೇ ಆಗಲ್ಲ" ಎಂದು ಹೊಗಳಿದರು. ಅವನು ಉಬ್ಬಿಹೋದ.

ನಾಲ್ಕನೆಯ ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಇನ್ನೂ ಎಲ್ಲೋ ಕೊಳೆ ಉಳಿದಿದೆ ಎಂದುಕೊಂಡ ವ್ಯಾಪಾರಿ ಮತ್ತೆ ಸ್ಪಂಜಿಗೆ ಕೈ ಹಾಕಿದ. ಹಾಸಿಗೆಯಿಂದ ಹೆಂಡತಿ "ಬೇಡ" ಎಂದಳು. ಇನ್ನೊಮ್ಮೆ "ಬೇಡ" ಎಂದಳು. ರೋಗಿಯ ಹಟ ಎಂದುಕೊಂಡು ಅವನು ನಲ್ಲಿಯ ಕಡೆಗೆ ನಡೆದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವವರು ಯಾರು?

ಏಳನೆಯ ದಿನ ಅವನು ಮೀನು ಮಾರುವವನ ಬಳಿಗೆ ಓಡಿದ.

"ಸ್ಪಂಜು ಯಾವ ಬಣ್ಣ ಇದೆ?" ಎಂದು ಮೀನಿನವನು ಕೇಳಿದ.

"ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ಅದರಲ್ಲಿ ಒಂದು ಚುಕ್ಕೆ ಕೊಳೆಯೂ ಇಲ್ಲ."

"ಹಾಗಾದ್ರೆ ವಿಷ ತಿನ್ನೋ ಜೀವಗಳೂ ಇಲ್ಲ" ಎಂದ ಮೀನು ಮಾರುವವನು. ವ್ಯಾಪಾರಿಗೆ ಆಗ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆಗೆ ಹಿಂದಿರುಗಿದಾಗ ಆರು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಮಾತ್ರ ತಿಳಿಯಾಗಿತ್ತು. ಅವು ಒಂದೊಂದಾಗಿ ಸತ್ತದ್ದನ್ನು ಹೆಂಡತಿ ಮಲಗಿದಲ್ಲಿಂದಲೇ ನೋಡಿದ್ದಳು. ಅಷ್ಟು ತಿಳಿಯಾದ ನೀರಿನಲ್ಲಿ ಕಾಣದೆ ಇರುವುದುಂಟೇ?

ಅವಳು ಗೋಡೆಯ ಕಡೆಗೆ ತಿರುಗಿದಳು. ವ್ಯಾಪಾರಿ ಬೇರೆ ಮೀನು ತಂದ, ಕಾಲು ಹಿಡಿದು ಬೇಡಿಕೊಂಡ. ಅವಳು ಮತ್ತೆ ತಿರುಗಲಿಲ್ಲ, ತುತ್ತು ಕೊಟ್ಟರೆ ಬಾಯಿ ತೆರೆಯಲಿಲ್ಲ. ಆ ವರ್ಷದ ದೀಪಾವಳಿಗೆ ಆ ಮನೆಯಲ್ಲಿ ಸೂತಕ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದಪ್ಪ ನಿಟ್ಟುಸಿರು ಬಿಟ್ಟು, "ಪಾಪ, ಅವನು ಒಳ್ಳೆಯದನ್ನೇ ಮಾಡಲು ಹೋದ" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಈ ಸಂಜೆ ನೀನು ಮನೆಗೆ ಹೋದರೆ ಬಾಗಿಲು ತೆಗೆಯಲು ಒಳಗೆ ಯಾರಿದ್ದಾರೆ, ಗುರುಪಾದ?"

ಗುರುಪಾದಪ್ಪ ತಲೆ ತಗ್ಗಿಸಿದ. ಸೊಂಟದಲ್ಲಿ ಸಿಕ್ಕಿಸಿದ್ದ ಮನೆಯ ಬೀಗದ ಕೈ ತೆಗೆದು ಗುರುಗಳ ಮುಂದೆ ಇಟ್ಟ.