ಪುಕ್ಕಲಿ ಹೊನ್ನಿಯ ಒಡ್ಡು

ಯಾವ ಕಾಲವೋ ಏನೋ, ನನ್ನಜ್ಜಿಯ ಅಜ್ಜಿಗೂ ಇದು ಹಳೇ ಕತೆಯೇ. ಹೊಳೆ ಸಮುದ್ರ ಸೇರೋ ಕಡೆ ಒಂದು ಊರಿತ್ತಂತೆ. ಊರಿಗೆ ಹನ್ನೊಂದೇ ಮನೆ, ಗದ್ದೆಯೆಲ್ಲ ಗಜನಿ. ಗಜನಿ ಅಂದರೆ ಗೊತ್ತಲ್ಲ, ಉಬ್ಬರದ ನೀರಿಗಿಂತ ತಗ್ಗಿನ ನೆಲ. ಆಚೆ ಉಪ್ಪುನೀರು, ಈಚೆ ಭತ್ತ, ನಡುವೆ ಒಂದು ಮಣ್ಣಿನ ಒಡ್ಡು. ಅಷ್ಟೇ.

ಆ ಊರಲ್ಲಿ ಹೊನ್ನಿ ಅಂತ ಒಬ್ಬಳಿದ್ದಳಂತೆ. ಅವಳಂಥ ಪುಕ್ಕಲಿ ಏಳೂರಲ್ಲಿ ಇರಲಿಲ್ಲ ಅಂತಾರೆ. ಹಗ್ಗ ಕಂಡರೆ ಹಾವು ಅನ್ನೋಳು, ಮೋಡ ಕಂಡರೆ ಪ್ರಳಯ ಅನ್ನೋಳು. ನಗಬೇಡಿ, ಅವಳ ಪಾಡು ನಿಮಗೆ ಬಂದಿದ್ದರೆ ಗೊತ್ತಾಗ್ತಿತ್ತು. ಆ ವರ್ಷ ದೊರೆಯ ಕೋಟೆಗೆ ಮರ ಸಾಗಿಸೋಕೆ ಅಂತ ಊರ ಗಂಡಸರನ್ನೆಲ್ಲ ಬಿಟ್ಟಿ ಚಾಕರಿಗೆ ಹಿಡಿದುಕೊಂಡು ಹೋಗಿದ್ದರು. ಹೊನ್ನಿಯ ಗಂಡನೂ ಹೋದ. ಯುಗಾದಿಗೆ ಹೋದವರು, ಮಳೆ ಹಿಡಿದರೂ ಸುದ್ದಿಯಿಲ್ಲ.

ಹೆಂಗಸರು ಏನು ಮಾಡ್ಯಾರು? ತಾವೇ ಬಿತ್ತಿದರು. ಮನೆಯಲ್ಲಿದ್ದ ಕೊನೇ ಬೀಜ ಅದು. ಎಳೇ ಸಸಿ ಉಪ್ಪುನೀರಲ್ಲಿ ಮುಳುಗಿದರೆ ಮುಗೀತು, ಮಕ್ಕಳಿಗೆ ಗಂಜಿಯಿಲ್ಲ. ಗಂಡಸರು ತಿರುಗಿ ಬಂದರೆ ಅವರಿಗೂ ಇಲ್ಲ.

ಹೊನ್ನಿ ದಿನಕ್ಕೆ ಏಳು ಸಲ ಒಡ್ಡಿನ ಮೇಲೆ ನಡೆಯೋಳಂತೆ. ಏಡಿ ಕೊರೆದ ತೂತು ಹುಡುಕಿ ಹುಡುಕಿ ಮಣ್ಣು ತುರುಕೋಳು. ಒಡ್ಡಿಗೆ ಕಿವಿಯಿಟ್ಟು ನೀರು ಒಸರೋ ಸದ್ದು ಕೇಳೋಳು. ಏನೇ ಹೊನ್ನಿ, ಏಡಿ ನಿನಗೆ ಗುಟ್ಟು ಹೇಳ್ತದೇನೆ ಅಂತ ಉಳಿದವರು ಕಿಚಾಯಿಸೋರು.

ಆಷಾಢದ ಅಮಾವಾಸ್ಯೆ, ನಡುಹಗಲು. ಉಬ್ಬರ ಏರ್ತಾ ಇತ್ತು. ಒಡ್ಡಿನಲ್ಲಿ ಅಂಗೈಯಗಲ ಜಾಗದಿಂದ ನೀರು ಚಿಮ್ಮೋದನ್ನ ಹೊನ್ನಿ ಕಂಡಳು. ಮಣ್ಣು ಹಾಕಿದಳು, ಕೊಚ್ಚಿ ಹೋಯ್ತು. ಮತ್ತೆ ಹಾಕಿದಳು, ಮತ್ತೆ ಹೋಯ್ತು. ಹುಲ್ಲಿಲ್ಲದೆ ಮಣ್ಣು ನಿಲ್ಲೋದಿಲ್ಲ. ಹುಲ್ಲು ಎಲ್ಲಿದೆ? ಬಣವೆಯದನ್ನ ದನ ತಿಂದು ಮುಗಿಸಿದ್ದವು. ಉಳಿದದ್ದು ಮನೆಯ ಮಾಡಿಗೆ, ಅಂದರೆ ಸೂರಿಗೆ, ಹೊದಿಸಿದ್ದು ಮಾತ್ರ.

ಕೂಗುತ್ತ ಓಡಿದಳಂತೆ. ಒಬ್ಬರೂ ಎದ್ದು ಬರಲಿಲ್ಲ. ದಿನಾ ಕೂಗೋಳು ತಾನೆ ಇವಳು! ಹೊನ್ನಿ ವಾದಕ್ಕೆ ನಿಲ್ಲಲಿಲ್ಲ. ಸುರಿಯೋ ಮಳೆಯಲ್ಲಿ ತನ್ನ ಮನೆ ಮೇಲೆ ಹತ್ತಿ, ಮಾಡಿನ ಹುಲ್ಲು ಕಿತ್ತು ಕಿತ್ತು ಕೆಳಗೆಸೆದಳು. ಮಳೆಗಾಲದಲ್ಲಿ ತನ್ನ ಸೂರು ತಾನೇ ಕೀಳೋರು ಉಂಟೇ? ಆಗ ನೋಡಿ, ಊರಿಗೆ ಭಯ ಹತ್ತಿತು. ಆಚೆಮನೆ ಬೀರಕ್ಕ ತನ್ನ ಮಾಡಿಗೂ ಏಣಿ ಇಟ್ಟಳು. ಹತ್ತು ಮನೆ ಬೋಳಾದವು. ಒಂದನ್ನ ಮಾತ್ರ ಯಾರೂ ಮುಟ್ಟಲಿಲ್ಲ, ಅಲ್ಲಿ ಸಣ್ಣಿ ಅನ್ನೋ ಬಾಣಂತಿ ಮೂರು ದಿನದ ಕೂಸು ಇಟ್ಟುಕೊಂಡು ಮಲಗಿದ್ದಳು.

ಅಷ್ಟರಲ್ಲಿ ತೂತು ಬಾಗಿಲಗಲ ಆಗಿತ್ತು. ಹುಲ್ಲು ಇಟ್ಟರೆ ನೀರು ದೂಡಿ ಎಸೀತಿತ್ತು. ಹೊನ್ನಿ, ಆ ಪುಕ್ಕಲಿ, ಹುಲ್ಲಿನ ಹೊರೆ ಬೆನ್ನಿಗೆ ಕಟ್ಟಿಕೊಂಡು ಕಂಡಿಯಲ್ಲೇ ಕೂತುಬಿಟ್ಟಳಂತೆ. ನನ್ನ ಮೇಲೇ ಮಣ್ಣು ಹಾಕ್ರೇ ಅಂದಳಂತೆ. ಬೀರಕ್ಕನೂ ಪಕ್ಕದಲ್ಲಿ ಕೂತಳು. ಉಳಿದವರು ಅಳುತ್ತ ಅಳುತ್ತ ಮಣ್ಣು ಹಾಕಿದರು. ಮಣ್ಣು ಸೊಂಟಕ್ಕೆ ಬಂತು, ಎದೆಗೆ ಬಂತು. ಹಿಂದಿನಿಂದ ನೀರು ಕತ್ತು ಮುಟ್ಟಿತು ಅಂತಾರೆ. ಹೊನ್ನಿ ಕಣ್ಣು ಮುಚ್ಚಿ ನಡುಗುತ್ತಿದ್ದಳು, ಏಳಲಿಲ್ಲ. ಕೊನೆಗೆ ನೀರು ಅಲ್ಲಿಗೇ ನಿಂತಿತು. ಇಳಿತ ಶುರುವಾಯ್ತು.

ನೀರು ಪೂರಾ ಇಳಿದ ಮೇಲೆ ಇಬ್ಬರನ್ನೂ ಅಗೆದು ತೆಗೆದು ಕಂಡಿ ಮುಚ್ಚಿದರು. ಹೊನ್ನಿಯ ತುಟಿ ನೀಲಿಗಟ್ಟಿತ್ತು. ಮೊದಲು ಕೇಳಿದ್ದೇನು ಗೊತ್ತೇ? ಆ ಕಡೇ ಮೂಲೆಯ ಏಡಿ ತೂತು ಯಾರಾದರೂ ನೋಡಿದಿರಾ ಅಂತ!

ಆ ಮಳೆಗಾಲ ಊರಿಗೆ ಊರೇ ಸಣ್ಣಿಯ ಒಂದೇ ಸೂರಿನಡಿ ಕಳೆಯಿತು. ಭತ್ತ ಬಂತು. ಗಂಡಸರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಹೊನ್ನಿಯ ಗಂಡ ಬರಲಿಲ್ಲ. ಆದರೂ ಸಾಯೋ ತನಕ ಪ್ರತಿ ಸುಗ್ಗಿಯಲ್ಲೂ ಅವನ ಪಾಲಿನ ಭತ್ತ ಬೇರೆ ತೆಗೆದಿಡೋಳಂತೆ.

ಈಗ ಎಲ್ಲ ಮನೆಗೂ ಹೆಂಚು. ಆದರೂ ಆಷಾಢದ ಅಮಾವಾಸ್ಯೆಗೆ ಆ ಊರಿನ ಹೆಂಗಸರೆಲ್ಲ ಹೊಸದಾಗಿ ಹೆತ್ತವಳ ಮನೆಯಲ್ಲಿ ಸೇರಿ ಅನ್ನ ಬೇಯಿಸ್ತಾರೆ. ಎಲೆ ಹಾಕಿ, ಬಡಿಸಿ, ಸುಮ್ಮನೆ ಕೂರ್ತಾರೆ. ಒಬ್ಬಳು ಒಡ್ಡಿಗೆ ಹೋಗಿರ್ತಾಳೆ. ಅವಳು ಬಂದು ನೀರು ಇಳೀತು ಅನ್ನೋವರೆಗೆ ಯಾರೂ ತುತ್ತು ಎತ್ತೋದಿಲ್ಲ.